ಉಣಿಸುವುದು ಯಾರ ಕೆಲಸ?

ನಮ್ಮ ಅಡುಗೆಮನೆಯ ಮಾಡದಲ್ಲಿ ಒಂದು ಬಿಳಿ ಪಿಂಗಾಣಿ ಬಟ್ಟಲಿದೆ. ಒಂದು ಬದಿಗೆ ಹಿಡಿಕೆ, ಇನ್ನೊಂದು ಬದಿಗೆ ಚಹಾದ ಕೆಟಲಿಗೆ ಇರುವಂಥ ಮೂತಿ, ಬಾಯಿ ಅರ್ಧ ಮುಚ್ಚಿದ್ದು. ಮಲಗಿದ ರೋಗಿಗೆ ತಲೆ ಎತ್ತಿಸದೆ ಹಾಲು, ಗಂಜಿ ಕುಡಿಸುವುದಕ್ಕೆಂದೇ ಮಾಡಿದ ವಸ್ತು. ಫೀಡಿಂಗ್ ಕಪ್ ಅನ್ನುತ್ತಿದ್ದೆವು. ನಾನು ನೌಕರಿಯಿಂದ ನಿವೃತ್ತಳಾದಾಗ ಅದು ದವಾಖಾನೆಯ ಹಳೆಯ ಸಾಮಾನಿನಲ್ಲಿ ಬಿದ್ದಿತ್ತು, ಕೇಳಿ ತಂದುಕೊಂಡೆ. ಮೊನ್ನೆ ನನ್ನ ಸೊಸೆ ಅದರ ತುಂಬ ಎಣ್ಣೆ ಹಾಕಿಕೊಂಡು ದೇವರ ದೀಪಗಳಿಗೆ ಸುರಿಯುತ್ತ ನಿಂತಿದ್ದಳು.

"ಅತ್ತೀ, ಒಂದ್ ಹನಿ ಹೊರಗ ಬೀಳೂದಿಲ್ಲ ನೋಡ್ರಿ. ಭಾಳ ಚಲೋ ಐತಿ ಇದು" ಅಂದಳು.

"ಹೊರಗ ಬೀಳಬಾರದಂತನ ಮಾಡ್ಯಾರ ಅದನ್ನ. ಎಣ್ಣಿಗಲ್ಲ, ಗಂಜಿಗೆ."

"ಗಂಜಿ ಕುಡಿಯಾವ್ರು ಮನ್ಯಾಗ ಯಾರದಾರ್ರೀ?"

ಅದೂ ಖರೆ. ಆದರೂ ಸಿಟ್ಟು ಬಂತು. ನನ್ನ ಸಿಟ್ಟು ಗಡಿಯಾರ ನೋಡಿಕೊಂಡು ಬರುತ್ತದೆ ಎಂದು ಮನೆಯವರು ಆಡಿಕೊಳ್ಳುತ್ತಾರೆ. ಬೆಳಗ್ಗೆ ಹಾಸಿಗೆಯ ಮೂಲೆಯನ್ನು ಲಕೋಟೆಯ ಹಾಗೆ ಮಡಚದಿದ್ದರೆ ಒಮ್ಮೆ, ಮಧ್ಯಾಹ್ನ ಊಟದ ಹೊತ್ತು ಮೀರಿದರೆ ಇನ್ನೊಮ್ಮೆ. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿಯುವಾಗ ನಸುಕಿನಲ್ಲಿ ಗಂಟೆ ಬಾರಿಸಿದರೆ ಎದ್ದು ನಿಲ್ಲಬೇಕು, ಎರಡನೆಯ ಗಂಟೆಗೆ ಜಡೆ ಹಾಕಿಕೊಂಡು ಸಾಲಿನಲ್ಲಿರಬೇಕು. ಆ ಗಂಟೆ ಈಗ ಎಲ್ಲಿ ಹೋಯಿತೋ ಗೊತ್ತಿಲ್ಲ, ನನ್ನ ಕಿವಿಯಲ್ಲಿ ಮಾತ್ರ ತಪ್ಪದೆ ಬಾರಿಸುತ್ತದೆ. ನಾನು ಎದ್ದು, ಯಾರೂ ಇಲ್ಲದ ಸಾಲಿನಲ್ಲಿ ಒಬ್ಬಳೇ ನಿಲ್ಲುತ್ತೇನೆ.

ಹೆಸರಿನ ವಿಷಯಕ್ಕೆ ಬಂದರೆ, ನನ್ನನ್ನು ಹೆಸರು ಹಿಡಿದು ಕರೆದವರು ಕಡಿಮೆ. ಹೊಳೆಆಲೂರಲ್ಲಿ ನರ್ಸಬಾಯಿ, ಮೆಣಸಗಿಯಲ್ಲಿ ಸೂಜಿಬಾಯಿ. ಮಕ್ಕಳಿಗೆ ಹೆದರಿಸಲು "ಸುಮ್ಮಕುಂಡ್ರು, ಸೂಜಿಬಾಯಿ ಬಂದ್ಲು" ಅನ್ನುತ್ತಿದ್ದರು. ನಾನು ಸಂತೆಗೆ ಬದನೆಕಾಯಿ ತರಲು ಹೋದರೂ ಹುಡುಗರು ಅವ್ವಂದಿರ ಹಿಂದೆ ಅಡಗುತ್ತಿದ್ದರು. ಇಷ್ಟು ವರ್ಷ ಈ ನರ್ಸ್ ಎಂಬ ಮಾತು ಎಲ್ಲಿಂದ ಬಂತೆಂದು ನಾನು ಕೇಳಿಕೊಂಡೇ ಇರಲಿಲ್ಲ. ಗಡಿಬಿಡಿಯ ನೌಕರಿ, ಶಬ್ದದ ಗೊಡವೆ ಯಾರಿಗೆ?

ಈಗ ನಾವಿರುವ ರೋಣದಲ್ಲಿ ನಮ್ಮ ಪಕ್ಕದ ಮನೆಯವರು ದೇಸಾಯಿ ಮಾಸ್ತರರು. ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಮುಂಜಾನೆ ಕಟ್ಟೆಯ ಮೇಲೆ ದಪ್ಪ ನಿಘಂಟು ಇಟ್ಟುಕೊಂಡು, ಬೇರೆಯವರು ಪೇಪರು ಓದುವಂತೆ ಅದನ್ನು ಓದುತ್ತಾರೆ. ಒಂದು ದಿನ ನನ್ನನ್ನು ತಡೆದು, "ಬಾಯಾರ, ನಿಮ್ಮ ಕೆಲಸದ ಮೂಲ ಸಿಕ್ತು. ನರ್ಸ್ ಅಂದ್ರ ಮೊದಲಿಗೆ ಮಂದಿ ಕೂಸಿಗೆ ಹಾಲು ಕುಡಿಸಾಕಿ ಅಂತ ಅರ್ಥ" ಅಂದರು.

"ಮಾಸ್ತರ, ಮುಂಜಾಮುಂಜಾನೆ ಏನ್ ಮಾತಾಡ್ತೀರಿ? ನಾ ಪರೀಕ್ಷಾ ಪಾಸ್ ಮಾಡಿ ಸರಕಾರಿ ನೌಕರಿ ಮಾಡೀನಿ."

"ಸಿಟ್ಟಿಗೇಳಬ್ಯಾಡ್ರಿ. ಪೂರಾ ಕೇಳ್ರಿ."

ಪೂರಾ ಕೇಳಿದೆ. ರೋಮಿನವರ ಹಳೆಯ ಮಾತಿನಲ್ಲಿ ಉಣಿಸುವುದು, ಪೋಷಿಸುವುದು ಎಂಬುದಕ್ಕೆ ಒಂದು ಪದವಿತ್ತಂತೆ. ಅದು ಫ್ರಾನ್ಸಿಗೆ ಹೋಗಿ ಕೂಸಿನ ದಾಯಿಗೆ ಹೆಸರಾಯಿತು. ಅಲ್ಲಿಂದ ಸಮುದ್ರ ದಾಟಿ ಇಂಗ್ಲಿಷರ ಬಾಯಲ್ಲಿ ಸವೆದು ಸವೆದು ನರ್ಸ್ ಆಯಿತು. ರೋಗಿಗಳನ್ನು ನೋಡಿಕೊಳ್ಳುವವಳು ಎಂಬ ಅರ್ಥ ಆಮೇಲೆ ಅಂಟಿಕೊಂಡದ್ದು. ನರ್ಸರಿ ಅದೇ ಮನೆತನದ್ದು, ನ್ಯೂಟ್ರಿಷನ್ ಅನ್ನುವುದೂ ಅದರ ಬಳಗವೇ.

"ಅಂದ್ರ ಸೂಜಿ ಅದರಾಗ ಎಲ್ಲೂ ಇಲ್ಲೇನ್ರಿ?" ಎಂದು ಕೇಳಿದೆ.

"ಇಲ್ಲ ಬಾಯಾರ. ಬರೇ ಊಟ ಐತಿ."

ಮನೆಗೆ ಬಂದು ಹಾಸಿಗೆ ಮಡಚುತ್ತ ಯೋಚಿಸಿದರೆ, ಮಾಸ್ತರರ ಮಾತಿನಲ್ಲಿ ಹೊಸದೇನೂ ಇರಲಿಲ್ಲ. ನಮ್ಮ ಮೇಟ್ರನ್‌ಬಾಯಿ ಹುಬ್ಬಳ್ಳಿಯ ತರಬೇತಿಯಲ್ಲೇ ಇದನ್ನು ನಿಘಂಟು ನೋಡದೆಯೇ ಕಲಿಸಿದ್ದರು. ವಾರ್ಡಿಗೆ ಗಂಜಿಯ ಪಾತ್ರೆ ಬಂದರೆ ಬೇರೆಲ್ಲ ಕೆಲಸ ಬಂದ್. ಕಸ ಹೊಡೆಯುವಂತಿಲ್ಲ, ಗಾಯದ ಪಟ್ಟಿ ಬಿಚ್ಚುವಂತಿಲ್ಲ, ಡಾಕ್ಟರರು ಬಂದರೂ ಬಾಗಿಲಲ್ಲಿ ನಿಲ್ಲಬೇಕು. ಸೌಟು ಸಿಸ್ಟರಳ ಕೈಯಲ್ಲೇ ಇರಬೇಕು, ಏಕೆಂದರೆ ಯಾರು ಎಷ್ಟು ಉಂಡರು ಎಂಬುದು ಅವಳ ಕಣ್ಣಿಗೆ ಬೀಳಬೇಕು. ಮೆಣಸಗಿಯ ಒಬ್ಬ ಮುದುಕ ಬಂದಿದ್ದ. ಗಂಜಿ ಒಲ್ಲೆ, ಬ್ರೆಡ್ ಒಲ್ಲೆ, ಹಾಲು ಒಲ್ಲೆ. ಮೇಟ್ರನ್‌ಬಾಯಿ ಅವನ ಹೆಂಡತಿಯನ್ನು ಕರೆದು ಕೇಳಿದರು. "ಅಂವಾ ಉಳ್ಳಾಗಡ್ಡಿ ಗುದ್ದದ ತುತ್ತ ಎತ್ತೂದಿಲ್ರಿ" ಅಂದಳು ಆಕೆ. ಮೇಟ್ರನ್‌ಬಾಯಿ ಒಂದು ಉಳ್ಳಾಗಡ್ಡಿ ತರಿಸಿ ಅವನ ಮುಂದಿಟ್ಟರು. ಮಂಚದ ಪಟ್ಟಿಯ ಮೇಲೆ ಇಟ್ಟು ಮುಷ್ಟಿಯಿಂದ ಗುದ್ದಿದ. ಇಡೀ ವಾರ್ಡಿನ ಕಣ್ಣಲ್ಲಿ ನೀರು ಬಂತು. ಮುದುಕ ಹೆಂಡತಿ ಕಟ್ಟಿಕೊಂಡು ಬಂದಿದ್ದ ಎರಡು ರೊಟ್ಟಿ ತಿಂದ.

ಇದೆಲ್ಲ ಈಗ ಏಕೆ ಹೇಳುತ್ತಿದ್ದೇನೆಂದರೆ, ನೀಲವ್ವನ ವಿಷಯಕ್ಕೆ ಬರಬೇಕಾಗಿದೆ.

ನೀಲವ್ವ ನನ್ನ ಬಾಲ್ಯದ ಗೆಳತಿ. ನರಗುಂದದಲ್ಲಿ ಗುಡ್ಡದ ಬುಡಕ್ಕೆ ನಮ್ಮಿಬ್ಬರ ಮನೆ ಎದುರುಬದುರು. ಮದುವೆಯಾಗಿ ರಾಜೂರಿಗೆ ಹೋದಳು. ಗಂಡ ತೀರಿಕೊಂಡು ಬಹಳ ವರ್ಷವಾಯಿತು, ಮಗ ಈರಣ್ಣನ ಕಿರಾಣಿ ಅಂಗಡಿ ಗಜೇಂದ್ರಗಡದಲ್ಲಿದೆ. ಈಚೆಗೆ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಗಜೇಂದ್ರಗಡದ ಒಂದು ಖಾಸಗಿ ದವಾಖಾನೆಯಲ್ಲಿ ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು. ಆಮೇಲೆ ಈರಣ್ಣನ ಫೋನು ಬಂತು.

"ಚಿಗವ್ವಾ, ಅವ್ವ ಏನೂ ಉಣ್ಣವಲ್ಲಳು. ನೀರು ಸೈತ ಒಲ್ಲಳು. ಬರೇ ಸಲೈನ್ ಮ್ಯಾಲೆ ಅದಾಳ. ಇವತ್ತ ಸಂಜಿತನಕಾ ನೋಡಿ ಮೂಗಿನಾಗ ನಳಿ ಹಾಕ್ತೀವಿ ಅಂದಾರ ಡಾಕ್ಟರ್. ನೀವೊಮ್ಮೆ ಬರ್ರಿ."

ಆ ನಳಿ ನಾನು ಬಹಳ ಹಾಕಿದ್ದೇನೆ. ಬೇಕಾದವರಿಗೆ ಅದು ಜೀವ ಉಳಿಸುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಈ ವಯಸ್ಸಿನವರು ನಿದ್ದೆಗಣ್ಣಲ್ಲಿ ಕಿತ್ತುಕೊಳ್ಳುತ್ತಾರೆ. ಕಿತ್ತುಕೊಳ್ಳಬಾರದೆಂದು ಕೈಗಳನ್ನು ಬಟ್ಟೆಯಿಂದ ಮಂಚಕ್ಕೆ ಕಟ್ಟುತ್ತಾರೆ. ಕೈ ಕಟ್ಟಿಸಿಕೊಂಡ ಎಷ್ಟೋ ಮುದುಕಿಯರು ಮತ್ತೆ ಬಾಯಿಂದ ತುತ್ತು ಉಣ್ಣಲೇ ಇಲ್ಲ, ನೋಡಿದ್ದೇನೆ. ನೀಲಿಯ ಕೈ ಕಟ್ಟುವುದನ್ನು ನನಗೆ ಕಲ್ಪಿಸಿಕೊಳ್ಳಲಾಗಲಿಲ್ಲ. ಜೋಳದ ನುಚ್ಚು ಕುದಿಸಿ, ಒಂದು ಡಬ್ಬಿಯಲ್ಲಿ ನುಚ್ಚು, ಇನ್ನೊಂದರಲ್ಲಿ ಮಜ್ಜಿಗೆ ತುಂಬಿಕೊಂಡು ಬಸ್ಸು ಹತ್ತಿದೆ.

ದವಾಖಾನೆ ಹೊಸದು, ನೆಲದ ಫರಶಿ ಮುಖ ಕಾಣುವಷ್ಟು ಸ್ವಚ್ಛ. ಅದನ್ನು ಮೆಚ್ಚಿದೆ. ಒಳಗೆ ಹೋದರೆ ನೀಲವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವಳ ಕೈಗೆ ಎಟುಕದಷ್ಟು ದೂರದ ಸ್ಟೂಲಿನ ಮೇಲೆ ಇಡ್ಲಿಯ ತಾಟು. ಚಟ್ನಿಗೆ ಕೆನೆಗಟ್ಟಿತ್ತು. ಅಲ್ಲಿದ್ದ ನರ್ಸ್ ಹುಡುಗಿಯ ಎದೆಯ ಬಿಲ್ಲೆಯ ಮೇಲೆ ಶಬಾನಾ ಎಂದಿತ್ತು.

"ಈ ತಾಟ ಯಾರ್ ಇಟ್ರವ್ವಾ?"

"ಕ್ಯಾಂಟೀನ್‌ನವ್ರ ಇಡ್ತಾರ್ರಿ ಅಜ್ಜಿ."

"ತಗೊಂಡ್ ಹೋಗಾವ್ರು?"

"ಅವರ ಒಯ್ತಾರ್ರಿ."

"ನಡುವ ಉಣಿಸಾವ್ರು?"

ಹುಡುಗಿ ನಕ್ಕಳು. "ಅದು ಪೇಶಂಟ್ ಕಡಿಯವ್ರದ್ರಿ. ನಮ್ಮದು ಬಿ.ಪಿ., ಇಂಜೆಕ್ಷನ್, ಸಲೈನ್. ಊಟ ನಮ್ಮ ಡ್ಯೂಟಿ ಅಲ್ರಿ."

ಊಟ ನಮ್ಮ ಡ್ಯೂಟಿ ಅಲ್ಲ! ನನ್ನ ತಲೆಯಲ್ಲಿ ಗಂಟೆ ಬಾರಿಸಿತು.

"ನಿನ್ನ ಬಿಲ್ಲೇದ ಮ್ಯಾಲೆ ಹೆಸರಿನ ಕೆಳಗ ಏನ ಬರದೈತಿ ಓದು."

"ಸ್ಟಾಫ್ ನರ್ಸ್."

"ನರ್ಸ್ ಅಂದ್ರೇನು?"

"ನರ್ಸ್ ಅಂದ್ರ... ನರ್ಸ್ ಅಂದ್ರ ನರ್ಸ್ ರಿ."

ನಿಂತಲ್ಲೇ ಶುರು ಮಾಡಿದೆ. ರೋಮಿನಿಂದ ಹೊರಟು ಫ್ರಾನ್ಸ್ ದಾಟಿ ಇಂಗ್ಲೆಂಡ್ ಮುಟ್ಟಿದೆ. ಉಣಿಸದವಳಿಗೆ ಆ ಬಿಲ್ಲೆ ಹಚ್ಚಿಕೊಳ್ಳುವ ಹಕ್ಕಿಲ್ಲ ಅಂದೆ. ದೇಸಾಯಿ ಮಾಸ್ತರರ ಮುಂದೆ ಯಾವ ಮಾತಿಗೆ ಉರಿದು ಬಿದ್ದಿದ್ದೆನೋ ಅದನ್ನೇ ಪದಕದ ಹಾಗೆ ಎತ್ತಿ ತೋರಿಸುತ್ತಿದ್ದೆ. ಪಕ್ಕದ ಮಂಚದಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಹೆಂಗಸು ತಡೆಯಲಾರದೆ ನಡುವೆ ಬಾಯಿ ಹಾಕಿದಳು:

"ಬಾಯಾರ, ಇದನ್ನೆಲ್ಲಾ ಆ ಹುಡಿಗಿ ಮುಂದ ಯಾಕ ಹೇಳ್ತೀರಿ? ಇಷ್ಟೂ ಮಂಚಕ್ಕ ಪಾಪ ಅಕಿ ಒಬ್ಬಾಕಿನ ಅದಾಳ. ಅಕೀನ ಉಂಡಿದ್ದು ನಾ ನೋಡಿಲ್ಲ."

ವಾರ್ಡನ್ನು ಒಮ್ಮೆ ಸುತ್ತ ನೋಡಿದೆ. ಮಾತು ಖರೆ. ಇಷ್ಟು ಮಂಚಗಳಿಗೆ ನಮ್ಮ ಕಾಲದಲ್ಲಿ ಮೂವರಿರುತ್ತಿದ್ದೆವು. ಫರಶಿಗೆ ಖರ್ಚು ಮಾಡಿದವರಿಗೆ ಇನ್ನೊಬ್ಬ ಹುಡುಗಿಯನ್ನು ಇಟ್ಟುಕೊಳ್ಳುವುದು ಭಾರವಾಯಿತು ನೋಡಿ. ಸಿಟ್ಟು ಶಬಾನಾಳನ್ನು ಬಿಟ್ಟು ಗೋಡೆ, ಕಿಟಕಿ, ಕಟ್ಟಡ ಕಟ್ಟಿಸಿದವರು ಎಲ್ಲರ ಮೇಲೂ ಹರಡಿತು. ಕೆಳಗೆ ಇಳಿಯಲಿಲ್ಲ.

ನುಚ್ಚಿಗೆ ಮಜ್ಜಿಗೆ ಕಲಸಿಕೊಂಡು ನೀಲವ್ವನ ಹತ್ತಿರ ಕುಳಿತೆ.

"ಏ ನೀಲಿ, ಇಕಾ ನುಚ್ಚ ತಂದೀನಿ. ಬಾಯಿ ತೆರಿ."

"ಒಲ್ಲೆ."

"ರೋಣದಿಂದ ನಿಂತ ಬಂದೀನಿ, ಬಸ್ಸಿನ್ಯಾಗ ಕುಂಡ್ರಾಕ ಜಾಗಾ ಇರಲಿಲ್ಲ. ಒಂದ ತುತ್ತ ತಗೋ."

"ಒಲ್ಲೆ."

ಪುಸಲಾಯಿಸಿದೆ, ಬೈದೆ, ಮಗನ ಆಣೆ ಹಾಕಿದೆ. ಗೋಡೆಯನ್ನು ಬಿಟ್ಟು ಈಚೆ ನೋಡಲಿಲ್ಲ. ಕಣ್ಣು ಮುಚ್ಚಿದ್ದಳು, ಕೈ ಮಾತ್ರ ಗಂಟಲಿನ ಹತ್ತಿರ ತಡಕಾಡುತ್ತಿತ್ತು.

"ಗಂಟ್ಲ ನೋವ ಐತ್ರಿ ಅವ್ರಿಗೆ" ಅಂದಳು ಶಬಾನಾ, ಈ ಸಲ ಮೆತ್ತಗೆ. "ಎಚ್ಚರಾದಾಗಿಂದ ಹಿಂಗ ಕೈ ಗಂಟ್ಲಕ್ಕ ಒಯ್ತಾರ. ಆಪರೇಷನ್ ಟೈಮ್‌ನಾಗ ಗಂಟ್ಲಾಗ ನಳಿ ಇಟ್ಟಿರ್ತಾರಲ್ರಿ, ಅದರಿಂದ ನುಂಗಾಕ ತ್ರಾಸ ಆಗ್ತೈತಿ ಅಂತ ಡಾಕ್ಟರ್‌ಗೆ ನಾನ ಹೇಳೀನಿ."

ಇದು ಒಪ್ಪುವ ಮಾತೇ. ನಾನಿದ್ದರೂ ಹಾಗೇ ಹೇಳುತ್ತಿದ್ದೆ. ಅವಳಿಂದ ಬ್ಯಾಟರಿ ದೀಪ ಇಸಿದುಕೊಂಡು, ಮೇಟ್ರನ್‌ಬಾಯಿಯ ದನಿ ತೆಗೆದು "ಆ ಅನ್ನು" ಎಂದೆ. ಆ ದನಿಗೆ ಎಂಥವರೂ ಬಾಯಿ ತೆರೆಯುತ್ತಾರೆ. ತೆರೆದಳು. ಗಂಟಲು ಸ್ವಚ್ಛ. ಕೆಂಪಿಲ್ಲ, ಬಾವಿಲ್ಲ. ನಾಲಿಗೆ ಮಾತ್ರ ಒಣಗಿ ಹಪ್ಪಳವಾಗಿತ್ತು. ನುಂಗಲು ಏನೂ ಅಡ್ಡಿ ಇರಲಿಲ್ಲ. ಹಾಗಾದರೆ ಏಕೆ? ನನಗೂ ತಿಳಿಯಲಿಲ್ಲ. ಅತ್ತ ಟ್ರಾಲಿಯ ಮೇಲೆ ಸಂಜೆಗೆಂದು ನಳಿ ತಂದಿಟ್ಟಿದ್ದರು, ಇನ್ನೂ ಪ್ಲಾಸ್ಟಿಕ್ ಹಾಳೆಯೊಳಗೆ ಸುರುಳಿ ಸುತ್ತಿಕೊಂಡಿತ್ತು.

ಏನಾದರೂ ಮಾಡಬೇಕೆಂದು ದಿಂಬು ಸರಿಪಡಿಸಲು ಅವಳ ತಲೆ ಎತ್ತಿದೆ. ಕೊರಳು ಬೋಳಾಗಿ ಕಂಡಿತು.

"ಕೊಳ್ಳಾಗಿಂದೆಲ್ಲಾ ಎಲ್ಲಿ ಹೋತು?" ಎಂದು ಶಬಾನಾಳನ್ನು ಕೇಳಿದೆ.

ಹುಡುಗಿಯ ಮುಖ ಕೆಂಪಾಯಿತು. "ನಾ ಏನ್ ಕದ್ದಿಲ್ರಿ ಅಜ್ಜಿ! ಆಪರೇಷನ್‌ಗೆ ಒಯ್ಯೂ ಮುಂದ ಮೈಮ್ಯಾಲಿಂದೆಲ್ಲಾ ತಗೀಬೇಕು, ರೂಲ್ಸ್ ಐತಿ. ಬಿಲ್ವಾರ, ಕಿವ್ಯಾಗಿಂದು, ಕೊಳ್ಳಾಗಿನ ಬೆಳ್ಳಿ ಡಬ್ಬಿ, ಎಲ್ಲಾ ಕವರ್‌ನಾಗ ಹಾಕಿ ಅವ್ರ ಮಗನ ಕೈಯಾಗ ಕೊಟ್ಟೀನಿ. ಕೇಳ್ರಿ ಬೇಕಾದ್ರ! ಒಂದೂ ಕಳದಿಲ್ಲ!"

ನೀಲವ್ವ ಗೋಡೆ ಬಿಟ್ಟು ಈ ಕಡೆ ತಿರುಗಿದಳು.

"ಕಳದಿಲ್ಲೇನ ಅದು?" ಅಂದಳು.

ಆ ಬೆಳ್ಳಿ ಡಬ್ಬಿಯನ್ನು ಕರಡಿಗೆ ಅನ್ನುತ್ತಾರೆ. ಅದರೊಳಗೆ ಅವಳ ಇಷ್ಟಲಿಂಗ. ಅದನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ನೀಲವ್ವ ಒಂದು ಹನಿ ನೀರು ಕುಡಿದವಳಲ್ಲ. ಹಳೆಯ ನಿಷ್ಠೆಯವರು ಲಿಂಗ ಕಳೆದುಕೊಂಡರೆ ಜೀವ ಇಟ್ಟುಕೊಳ್ಳಬಾರದೆಂದು ನಂಬುತ್ತಾರೆ. ಕಳೆದಿದೆ ಎಂದು ಬಾಯಿಬಿಟ್ಟು ಹೇಳುವುದಕ್ಕೂ ಅಂಜುತ್ತಾರೆ. ತೆಗೆದಾಗ ನೋವಿನ ಇಂಜೆಕ್ಷನ್ನಿನ ಮಂಪರಿನಲ್ಲಿದ್ದಳು, ಎಚ್ಚರಾದಾಗ ಕೊರಳಿಗೆ ಕೈ ಹಾಕಿದ್ದಾಳೆ, ಇಲ್ಲ. ಮಗನನ್ನು ಕೇಳಿದರೆ ಅವನು ಎದೆಯೊಡೆದುಕೊಳ್ಳುತ್ತಾನೆ, ದವಾಖಾನೆಯವರನ್ನು ಕೇಳಿದರೆ ಯಾವುದೋ ಬಡಹುಡುಗಿಯ ನೌಕರಿ ಹೋಗುತ್ತದೆ. ಯಾರಿಗೂ ಹೇಳದೆ ಗೋಡೆಯ ಕಡೆ ತಿರುಗಿಕೊಂಡಿದ್ದಳು. ಲಿಂಗ ಹುಡುಕುವ ಕೈಯನ್ನು ನೋಡಿ ಎಲ್ಲರೂ ಸೇರಿ ಗಂಟಲು ನೋವು ಅಂದೆವು.

ಬೇರೆಯವರನ್ನು ಏನೆನ್ನಲಿ? ನರಗುಂದದಲ್ಲಿ ದಿನಾ ಮುಂಜಾನೆ ಪಾಟಿಚೀಲ ಹಿಡಿದು ಇವಳ ಕಟ್ಟೆಯ ಮೇಲೆ ಕಾಯ್ದವಳು ನಾನು. "ನೀಲಿ, ಲಗೂನ ಬಾ!" ಎಂದು ಒದರಿದರೆ ಒಳಗಿಂದ ಅವಳ ಅವ್ವ, "ಕೈಯಾಗ ಸ್ವಾಮಿ ಅದಾನವಾ, ಮಾತಾಡಸಬ್ಯಾಡ" ಅನ್ನುತ್ತಿದ್ದಳು. ಪೂಜೆ ಮುಗಿಸಿ, ರೊಟ್ಟಿ ತಿಂದು, ಅವಳು ಬರುವಷ್ಟರಲ್ಲಿ ಸಾಲೆಯ ಪ್ರಾರ್ಥನೆ ಮುಗಿದಿರುತ್ತಿತ್ತು. ಅಡಿಪಟ್ಟಿಯ ಏಟು ಇಬ್ಬರಿಗೂ ಸಮ. ಇದನ್ನು ಮರೆತು ರೋಮಿನವರ ವ್ಯುತ್ಪತ್ತಿ ಹೇಳುತ್ತ ನಿಂತಿದ್ದೆನಲ್ಲ! ನಮ್ಮ ಮೇಟ್ರನ್‌ಬಾಯಿ ಕ್ರೈಸ್ತರು, ಕೊರಳಲ್ಲಿ ಶಿಲುಬೆ. ಗಂಜಿಯ ಪಾತ್ರೆಗಿಂತ ಮುಂಚೆ ವಾರ್ಡಿನಲ್ಲಿ ಒಂದು ತಂಬಿಗೆ ನೀರು ಸುತ್ತಬೇಕೆಂಬುದು ಅವರ ಕಾಯ್ದೆ. ಪೂಜೆಯವರಿಗೆ ಪೂಜೆಗೆ, ನಮಾಜಿನವರಿಗೆ ಕೈಕಾಲು ತೊಳೆಯುವುದಕ್ಕೆ. ಆ ತಂಬಿಗೆ ಹೊತ್ತವಳೂ ನಾನೇ. ಈಗ ದಾಖಲು ಮಾಡಿಕೊಳ್ಳುವಾಗ ಸಕ್ಕರೆ ಕಾಯಿಲೆ ಇದೆಯೇ, ವಿಮೆ ಇದೆಯೇ ಎಂದು ನೂರೆಂಟು ಕೇಳುತ್ತಾರೆ. ಉಣ್ಣುವ ಮೊದಲು ನೀವು ಏನು ಮಾಡುತ್ತೀರಿ ಎಂದು ಒಬ್ಬರೂ ಕೇಳುವುದಿಲ್ಲ.

ಅಂಗಡಿಯಿಂದ ಈರಣ್ಣ ಬಂದ. ಕೊರಳಲ್ಲಿ ಬಂಗಾರದ ಸರ, ಕೈಯಲ್ಲಿ ಎರಡು ಫೋನು.

"ಅವ್ವನ ಲಿಂಗ ಎಲ್ಲೈತೋ?"

"ರಾಜೂರಾಗ ತಿಜೋರ್ಯಾಗ ಇಟ್ಟೀನಿ ಚಿಗವ್ವಾ. ಬೆಳ್ಳಿ ಕರಡಿಗಿ, ಇಲ್ಲಿ ಮಂದಿ ಬರ್ತಾರ ಹೋಗ್ತಾರ, ಹೆಂಗ ಬಿಡೂದು?"

"ಅವ್ವನ್ನ ಮಂದಿ ಕೈಯಾಗ ಬಿಟ್ಟಿ, ಬೆಳ್ಳಿಗೆ ಕೀಲಿ ಹಾಕಿದಿ. ಶಾಣ್ಯಾ ಅದೀಯಪಾ. ಮೊದಲ ಹೋಗಿ ತಗೊಂಡ್ ಬಾ."

"ಯಾಕ, ಏನಾತು?"

"ಗಾಡಿ ಮ್ಯಾಲೆ ಹೋಗಕೋತ ವಿಚಾರ ಮಾಡು, ತಿಳಿತೈತಿ."

ಹೋದ. ಅವನು ಬರುವ ತನಕ ನಾನು ಟ್ರಾಲಿಗೂ ಮಂಚಕ್ಕೂ ನಡುವೆ ಸ್ಟೂಲು ಹಾಕಿಕೊಂಡು ಕುಳಿತೆ. ಡಾಕ್ಟರರು ಸಂಜೆಯ ಸುತ್ತಿಗೆ ಹೊರಟು ಪಕ್ಕದ ವಾರ್ಡಿನಲ್ಲಿ ಮಾತಾಡುತ್ತಿರುವುದು ಕೇಳುತ್ತಿತ್ತು. ಶಬಾನಾ ತಾನಾಗಿಯೇ ಪರದೆ ಎಳೆದಳು, ಹೊಸ ಲೋಟದಲ್ಲಿ ನೀರು ತಂದಿಟ್ಟಳು. ಅಷ್ಟರಲ್ಲಿ ಈರಣ್ಣ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದ. ವಿಚಾರ ಮಾಡಿದ್ದನೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ಚಪ್ಪಲಿಯನ್ನು ವಾರ್ಡಿನ ಹೊರಗೇ ಬಿಟ್ಟಿದ್ದ.

ನೀಲವ್ವ ದಿಂಬಿಗೆ ಒರಗಿ, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡಿದಳು. ಅವಸರ ಮಾಡಲಿಲ್ಲ. ಯಾವತ್ತು ಮಾಡಿದ್ದಾಳೆ? ನಾನು ಈ ಸಲ ಒದರಲಿಲ್ಲ. ಪೂಜೆ ಮುಗಿದ ಮೇಲೆ ಕರಡಿಗೆಯ ದಾರ ಕಟ್ಟಲು ನಾನು ಕೈ ಮುಂದೆ ಮಾಡಿದರೆ ಆಕೆ ತಡೆದು ಪರದೆಯ ಆಚೆ ನಿಂತಿದ್ದ ಹುಡುಗಿಯನ್ನು ಕರೆದಳು.

"ಬಾರವಾ. ನೀನ ತಗದೀ, ನೀನ ಹಾಕು."

"ನಾ ಮುಟ್ಟಬಹುದೇನ್ರಿ ಅಜ್ಜಿ?"

"ಜ್ವಾಕಿ ಮಾಡಿ ತಗದ ಇಟ್ಟಾಕಿ ನೀ. ಗಂಟ ಬಿಗಿಯಾಗಿ ಹಾಕು."

ಶಬಾನಾ ಹಾಕಿದಳು. ನಾನು ಡಬ್ಬಿ ಮುಂದಿಟ್ಟೆ. ಚಮಚೆ ಬೇಡ ಅಂದಳು ನೀಲವ್ವ. ಸಲೈನ್ ಹಚ್ಚದ ಕೈಯಿಂದ ತಾನೇ ಕಲಸಿಕೊಂಡು ಮೊದಲ ತುತ್ತು ಬಾಯಿಗಿಟ್ಟಳು. ನುಂಗಿದಳು. ಎರಡನೆಯದು. ಮೂರನೆಯದಕ್ಕೆ, "ಉಪ್ಪು ಕಮ್ಮಿ ಆಗೇತಿ" ಅಂದಳು.

ಆಗ ಪರದೆ ಸರಿಸಿ ಡಾಕ್ಟರರು ಬಂದರು, ತರುಣ, ನಗುಮುಖದವರು. ಡಬ್ಬಿ ನೋಡಿದರು, ನೀಲವ್ವನ ಬಾಯಿ ನೋಡಿದರು, ಶಬಾನಾಳ ಕಡೆ ತಿರುಗಿದರು.

"ನೋಡಿದ್ರಾ ಸಿಸ್ಟರ್? ಬೆಳಿಗ್ಗೆ ಇಂಜೆಕ್ಷನ್ ಚೇಂಜ್ ಮಾಡಿದ್ದು ಕೆಲಸ ಮಾಡ್ತು. ಗಂಟಲು ಕ್ಲಿಯರ್ ಆಯ್ತು. ಟ್ಯೂಬ್ ಬೇಡ, ತೆಗೆದಿಡಿ."

ಇಂಜೆಕ್ಷನ್! ನಾನು ಎದ್ದು ನಿಂತೆ. ಸೆರಗು ಸಿಗಿಸಿಕೊಂಡೆ. ರೋಮಿನವರು, ಮೇಟ್ರನ್‌ಬಾಯಿ, ಕೈಗೆ ಎಟುಕದ ಇಡ್ಲಿಯ ತಾಟು, ಇಷ್ಟೂ ಮಂಚಕ್ಕೆ ಒಬ್ಬಳೇ ಹುಡುಗಿ, ಎಲ್ಲ ಸಾಲುಗಟ್ಟಿ ನಾಲಿಗೆಯ ತುದಿಗೆ ಬಂದು ನಿಂತವು. ಬಾಯಿ ತೆರೆದೆ.

ಹಿಂದಿನಿಂದ ಯಾರೋ ಸೀರೆ ಜಗ್ಗಿದರು. ತಿರುಗಿ ನೋಡಿದರೆ ನೀಲವ್ವ. ಬೆರಳೆಲ್ಲ ಮಜ್ಜಿಗೆ.

"ಕುಂಡ್ರು" ಅಂದಳು. "ನಾ ಉಣ್ಣಾಕತ್ತೀನಿ. ನಿನ್ನ ಜಗಳ ಆಮ್ಯಾಲೆ."

ಕುಳಿತೆ. ಡಬ್ಬಿಯಲ್ಲಿ ಇನ್ನೂ ಅರ್ಧ ನುಚ್ಚು ಇತ್ತು.